ಬಸ್ಯಾ ನನ್ನನ್ನು ಕಂಡು ಓಡಿದ ಮಧ್ಯಾಹ್ನ

2009ರಲ್ಲಿ ನಾನು ತುಮಕೂರು ರಸ್ತೆಯ ಮಾಕಳಿಯಿಂದ ಒಳಕ್ಕೆ ತಿರುಗುವ ದಾರಿಯಲ್ಲಿದ್ದ ಒಂದು ಕಿರು ಮೃಗಾಲಯದಲ್ಲಿ ಪಶುವೈದ್ಯೆಯಾಗಿದ್ದೆ. ಒಂದು ಟ್ರಸ್ಟ್ ಅದನ್ನು ನಡೆಸುತ್ತಿತ್ತು. ಹಸು ಎಮ್ಮೆಗಳ ಆಸ್ಪತ್ರೆಯಲ್ಲಿ ಹಲವು ವರ್ಷ ದುಡಿದು, ವನ್ಯಪ್ರಾಣಿಗಳ ಚಿಕಿತ್ಸೆಯಲ್ಲಿ ತರಬೇತಿ ಪಡೆದು ನಾನು ಅಲ್ಲಿಗೆ ಸೇರಿ ಆಗಲೇ ಎಂಟು ವರ್ಷ ಕಳೆದಿತ್ತು. ಸುಮಾರು ಮೂವತ್ತು ಎಕರೆ ಜಾಗ. ಒಂದು ಕಡೆ ನಮ್ಮ ನಾಡಿನ ಚುಕ್ಕೆ ಜಿಂಕೆ, ಕೃಷ್ಣಮೃಗ, ನರಿ, ಕರಡಿ. ಇನ್ನೊಂದು ಕಡೆ ಹೊರದೇಶದ ಜೀಬ್ರಾ, ಆಸ್ಟ್ರಿಚ್, ಎಮು, ಮಕಾವ್ ಗಿಳಿ. ಪೀಣ್ಯದ ಕಾರ್ಖಾನೆಗಳ ಕೆಲಸಗಾರರು ಭಾನುವಾರ ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದರು. ವಾರದ ನಡುವೆ ಮಾರತ್ತಹಳ್ಳಿ, ಎಲೆಕ್ಟ್ರಾನಿಕ್ ಸಿಟಿ ಕಡೆಯಿಂದ ಸಾಫ್ಟ್‌ವೇರ್ ಕಂಪನಿಗಳ ಬಸ್ಸುಗಳು ಟೀಮ್ ಔಟಿಂಗ್ ಎಂದು ಬಂದಿಳಿಯುತ್ತಿದ್ದವು.

ನಾನು ಹೊಟ್ಟೆಕಿಚ್ಚಿನ ಹೆಂಗಸು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಬೇರೆಯವರ ಒಡವೆ, ಮನೆ, ಮಕ್ಕಳ ಮಾರ್ಕ್ಸು ನೋಡಿ ನನಗೆ ಯಾವತ್ತೂ ಏನೂ ಆಗಿಲ್ಲ. ನನ್ನ ಹೊಟ್ಟೆ ಉರಿಯುತ್ತಿದ್ದದ್ದು ಕೀಪರ್‌ಗಳನ್ನು, ಅಂದರೆ ಪ್ರಾಣಿಗಳನ್ನು ದಿನವೂ ನೋಡಿಕೊಳ್ಳುವವರನ್ನು ಕಂಡು. ಮೃಗಾಲಯದಲ್ಲಿ ಅನ್ನ ಹಾಕುವವರು ಅವರು, ಸೂಜಿ ಚುಚ್ಚುವವರು ನಾವು. ಪ್ರಾಣಿಗೆ ತಿಳಿಯುವುದು ಇಷ್ಟೇ. ಜ್ವರ ಇಳಿದದ್ದು ಸೂಜಿಯಿಂದ ಎಂದು ಅದಕ್ಕೆ ಯಾರು ಹೇಳಬೇಕು? ನನ್ನ ಜೀಪಿನ ಸದ್ದು ಕೇಳಿದ ಕೂಡಲೇ ನರಿಗಳು ಬಿಲ ಸೇರುತ್ತಿದ್ದವು. ಕೊಕ್ಕು ಸರಿಮಾಡಿ ಬದುಕಿಸಿದ ಮಕಾವ್ ನನಗೆ ಬೆನ್ನು ತಿರುಗಿಸಿ ಕೂರುತ್ತಿತ್ತು. ಮನೆಗೆ ಬಂದರೆ ನಮ್ಮ ನಾಯಿಯೂ ಮಂಚದ ಕೆಳಗೆ ನುಸುಳುತ್ತಿತ್ತು. ಅದಕ್ಕೆ ಲಸಿಕೆ ಹಾಕುತ್ತಿದ್ದವಳೂ ನಾನೇ. ಅದರ ಪ್ರೀತಿಯೆಲ್ಲ ನನ್ನ ಯಜಮಾನರಿಗೆ ಮೀಸಲು, ಅವರು ಮಾಡುತ್ತಿದ್ದದ್ದು ಬಿಸ್ಕತ್ತು ಹಾಕುವುದೊಂದೇ.

ಎಲ್ಲ ಕೀಪರ್‌ಗಳಿಗಿಂತ ಹೆಚ್ಚಾಗಿ ನನ್ನ ಹೊಟ್ಟೆ ಉರಿಸಿದವಳು ನಿಂಗವ್ವ. ಕೊಪ್ಪಳ ಜಿಲ್ಲೆಯ ಹಳ್ಳಿಯವಳು. ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದು ಮಾದನಾಯಕನಹಳ್ಳಿಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದಳು. ನಮ್ಮಲ್ಲಿ ಕರಡಿಯ ಮನೆ ಕಟ್ಟುವಾಗ ಸಿಮೆಂಟ್ ಬಾಂಡಲಿ ಹೊತ್ತವಳು. ಗಾರೆ ಕೆಲಸ ಮುಗಿದು ಮೇಸ್ತ್ರಿಯ ತಂಡ ಬೇರೆ ಕಡೆ ಹೋದಾಗ, ಇವಳು ಕಸ ಗುಡಿಸುವ ಕೆಲಸ ಕೇಳಿ ಇಲ್ಲೇ ಉಳಿದಳು. ಆಮೇಲೆ ಕೀಪರ್ ಆದಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು, ಮಾತು ಜೋರು, ನಗು ಅದಕ್ಕಿಂತ ಜೋರು.

ಕರಡಿ ಬಂದದ್ದು 2001ರಲ್ಲಿ. ಮಧುಗಿರಿ ಕಡೆ ಹಾಳುಬಾವಿಗೆ ಬಿದ್ದಿದ್ದ ಗಂಡು ಮರಿಯನ್ನು ಅರಣ್ಯ ಇಲಾಖೆಯವರು ಗೋಣಿಚೀಲದಲ್ಲಿ ಸುತ್ತಿ ತಂದುಕೊಟ್ಟಿದ್ದರು. ಹಿಂಗಾಲಿನ ಮೂಳೆ ಮುರಿದಿತ್ತು, ಗಾಯದಲ್ಲಿ ಹುಳ ಬಿದ್ದಿತ್ತು. ಅರಿವಳಿಕೆ ಕೊಟ್ಟು, ಮೂಳೆಯೊಳಗೆ ಸ್ಟೀಲ್ ಪಿನ್ ಕೂರಿಸಿ, ಹುಳ ತೆಗೆದು, ಇಡೀ ತಿಂಗಳು ದಿನವೂ ಡ್ರೆಸ್ಸಿಂಗ್ ಮಾಡಿದವಳು ನಾನು. ಹಾಲು, ರಾಗಿ ಗಂಜಿ, ಮೇಲೊಂದು ಚಮಚ ಜೇನು ಕುಡಿಸಿದವಳು ನಿಂಗವ್ವ. ಕಾಲು ಕೂಡಿಕೊಂಡ ಮೇಲೆ ಮರಿಯನ್ನು ಮೊದಲ ಸಲ ನೆಲಕ್ಕೆ ಬಿಟ್ಟಾಗ ನಾವಿಬ್ಬರೂ ಎದುರುಬದುರು ಕೂತಿದ್ದೆವು. ಅದು ನನ್ನ ಕಡೆ ಒಂದು ಸಲ ಮೂಸಿ, ಕುಂಟುತ್ತಾ ಓಡಿಹೋಗಿ ಅವಳ ಸೀರೆಯೊಳಗೆ ಮುಖ ತೂರಿಸಿತು. ಅವಳು ನಕ್ಕಳು. ನಾನೂ ನಕ್ಕೆ, ಎದುರಿಗೆ ಜನ ಇದ್ದರು.

ಒಂದು ಸಾಫ್ಟ್‌ವೇರ್ ಕಂಪನಿಯವರು ಕರಡಿಯನ್ನು ದತ್ತು ತೆಗೆದುಕೊಂಡು ಬ್ರೂನೋ ಎಂದು ಹೆಸರಿಟ್ಟರು. ಬೋರ್ಡಿನ ಮೇಲೆ ಹಾಗೇ ಬರೆಸಿದ್ದೆವು. ನಿಂಗವ್ವ ಬಸ್ಯಾ ಎಂದು ಕರೆದಳು, ಅವನು ಬಸ್ಯಾ ಆದ. ಬ್ರೂನೋ ಎಂದು ಬಸ್ಸಿನಿಂದಿಳಿದ ಜನ ಗಂಟಲು ಹರಿದುಕೊಂಡರೂ ತಿರುಗಿ ನೋಡುತ್ತಿರಲಿಲ್ಲ. ಅವರು ಕೊನೆಗೆ ನಿಂಗವ್ವನನ್ನು ನಿಲ್ಲಿಸಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಕರಡಿ ಏನು ತಿನ್ನುತ್ತದೆ, ಯಾವಾಗ ಮಲಗುತ್ತದೆ ಎಂದೆಲ್ಲ ಅವಳನ್ನೇ ಕೇಳುತ್ತಿದ್ದರು. ಪಕ್ಕದಲ್ಲಿ ಬಿಳಿ ಕೋಟು ಹಾಕಿಕೊಂಡು ನಿಂತ ನನ್ನನ್ನು ಒಮ್ಮೆ ಒಬ್ಬ ಹುಡುಗಿ ಕೇಳಿದ್ದು, ರೆಸ್ಟ್‌ರೂಮ್ ಎಲ್ಲಿದೆ ಮೇಡಂ ಎಂದು.

ಮುಂದೆ ನಡೆದದ್ದು ತಿಳಿಯಬೇಕಾದರೆ ಕರಡಿಯ ಮನೆ ಹೇಗಿತ್ತು ಎಂದು ಹೇಳಬೇಕು. ಮುಂದೆ ವಿಶಾಲವಾದ ಬಯಲು, ಅದರ ಸುತ್ತ ಆಳದ ಕಂದಕ, ಕಂದಕದ ಆಚೆ ಪಶ್ಚಿಮಕ್ಕೆ ಪ್ರೇಕ್ಷಕರು ನಿಲ್ಲುವ ಕಟ್ಟೆ. ಬಯಲಿನ ಪೂರ್ವ ತುದಿಯಲ್ಲಿ ಕಾಂಪೌಂಡಿಗೆ ಒರಗಿದಂತೆ ಹೋಲ್ಡಿಂಗ್ ರೂಮು, ಅಂದರೆ ರಾತ್ರಿ ಮಲಗುವ ಕೋಣೆ. ಕೋಣೆಗೂ ಬಯಲಿಗೂ ನಡುವೆ ಮೇಲಿನಿಂದ ಕೆಳಕ್ಕೆ ಜಾರುವ ಕಬ್ಬಿಣದ ಬಾಗಿಲು. ಕೋಣೆಯ ಇನ್ನೊಂದು ಬದಿಗೆ ಸರಳುಗಳು, ಸರಳುಗಳ ಈಚೆ ನಾವು ಓಡಾಡುವ ಇಕ್ಕಟ್ಟು ಓಣಿ. ಜಾರುಬಾಗಿಲನ್ನು ಎತ್ತಿಳಿಸುವ ಹಿಡಿಕೆ ಈ ಓಣಿಯಲ್ಲಿತ್ತು.

ಸಂಜೆಯಾದರೆ ನಿಂಗವ್ವ ಓಣಿಯಲ್ಲಿ ನಿಂತು ಅಲ್ಯೂಮಿನಿಯಂ ಬೋಗುಣಿಯನ್ನು ಸರಳಿಗೆ ತಟ್ಟುವಳು. 'ಬಸ್ಯಾ, ಬಾರೋ, ಬಾ ಬಾ ಬಾ' ಎಂದು ರಾಗವಾಗಿ ಕರೆಯುವಳು. ಬಯಲಿನ ಯಾವ ಮೂಲೆಯಲ್ಲಿದ್ದರೂ ಅವನು ಎದ್ದು ಓಡಿಬಂದು, ಕೋಣೆ ಹೊಕ್ಕು, ಬೋಗುಣಿ ತೂರಿಸುವ ಕಿಂಡಿಯ ಹತ್ತಿರ ಮೂತಿಯಿಟ್ಟು ಕೂರುವನು. ಬೇರೆ ಮೃಗಾಲಯಗಳವರು ಇದನ್ನು ನೋಡಲೆಂದೇ ಬಂದಿದ್ದುಂಟು. ಬೆಳಿಗ್ಗೆ ಹೊರಗೆ ಕಳಿಸಲು ಯಾವ ಕರೆಯೂ ಬೇಕಿರಲಿಲ್ಲ. ಬಾಗಿಲೆತ್ತಿದರೆ ಅವನಿಗೆ ಮನಸ್ಸು ಬಂದಾಗ ತಾನೇ ಹೋಗುತ್ತಿದ್ದ. ಹಾಗಾಗಿ ಒಳಗೆ ಬಾ ಎನ್ನುವುದನ್ನು ಎಂಟು ವರ್ಷ ಕಲಿಸಿದ್ದೆವು, ಹೊರಗೆ ಹೋಗು ಎನ್ನುವುದನ್ನು ಒಂದು ದಿನವೂ ಕಲಿಸಿರಲಿಲ್ಲ. ಇದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ.

ಚಿಕಿತ್ಸೆ ಬೇಕಾದಾಗ ನಾನು ಬರುತ್ತಿದ್ದದ್ದೂ ಅದೇ ಓಣಿಗೆ. ಬ್ಲೋ ಪೈಪ್ ಎಂಬ ಉದ್ದನೆಯ ಕೊಳವೆಯಲ್ಲಿ ಡಾರ್ಟ್, ಅಂದರೆ ಹಾರುವ ಸಿರಿಂಜ್ ಇಟ್ಟು, ಉಸಿರು ಕಟ್ಟಿ ಊದಿದರೆ ಅದು ಹೋಗಿ ತೊಡೆಗೆ ನಾಟಿಕೊಳ್ಳುತ್ತದೆ. ಬಸ್ಯಾನಿಗೆ ಕಣ್ಣು ಅಷ್ಟಕ್ಕಷ್ಟೆ, ಕಿವಿ ಮತ್ತು ಮೂಗು ಮಾತ್ರ ಭಾರಿ ಚುರುಕು. ಸಲಕರಣೆಗಳಿರುವ ಸ್ಟೀಲ್ ಟ್ರೇ ಸ್ವಲ್ಪ ಕಿಣಿಗುಟ್ಟಿದರೂ ಸಾಕು, ಗುರ್ ಎಂದು ಎದ್ದು ಹೊರಬಾಗಿಲನ್ನು ಪರಚಲು ಶುರುಮಾಡುತ್ತಿದ್ದ. ಅದಕ್ಕೇ ನಾನು ಕೋಟು ತೆಗೆದಿಟ್ಟು, ಚಪ್ಪಲಿ ಬಿಟ್ಟು, ಟ್ರೇಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ನಿಂಗವ್ವನ ಬೆನ್ನ ಹಿಂದೆ ಅಡಗಿಕೊಂಡು ಹೋಗುತ್ತಿದ್ದೆ. ಓದಿ ಡಿಗ್ರಿ ಪಡೆದವಳು ನಾನು, ಕೆಲಸಕ್ಕೆ ಸೇರಿದ ಜಾಗದಲ್ಲೇ ಕಳ್ಳಿಯ ಹಾಗೆ ನಡೆಯಬೇಕಿತ್ತು. ಅವಳು ಹಾಡುತ್ತಾ ಹೋಗುತ್ತಿದ್ದಳು.

ಟ್ರಸ್ಟಿನ ಕಾರ್ಯದರ್ಶಿ ಗಂಗಣ್ಣ ಅದೇ ಊರಿನವರು. ಮೃಗಾಲಯ ಇದ್ದದ್ದು ಒಂದು ಕಾಲಕ್ಕೆ ಅವರ ಮನೆತನ ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ. ಉಳಿದ ಹೊಲವನ್ನು ಅವರ ದಾಯಾದಿಗಳು ಗೋಡೌನುಗಳಿಗೆ ಕೊಟ್ಟಿದ್ದರು. ನಮ್ಮ ಪೂರ್ವದ ಕಾಂಪೌಂಡಿಗೆ ಅಂಟಿಕೊಂಡಂತೆ, ಕರಡಿಯ ಕೋಣೆಯ ಬೆನ್ನಿಗೇ, ಹಾಸಿಗೆ ಸೋಫಾಗಳಿಗೆ ಹಾಕುವ ಫೋಮ್ ತುಂಬಿಡುವ ಗೋಡೌನ್ ಎದ್ದಿತ್ತು. ಗಂಗಣ್ಣ ಒಳ್ಳೆಯವರು. ಜೀಬ್ರಾ ಎಂದರೆ ಪ್ರಾಣ ಬಿಡುತ್ತಿದ್ದರು, ಕರಡಿ ಎಂದರೆ ಊರ ಕಡೆಯದೇ ಅಲ್ಲವೇ ಎನ್ನುತ್ತಿದ್ದರು.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಊಟದ ಹೊತ್ತು ಕಳೆದಿತ್ತು. ನಾನು ಆಸ್ಪತ್ರೆ ಕೋಣೆಯಲ್ಲಿ ಎಮುವಿನ ಕಾಲಿಗೆ ಪಟ್ಟಿ ಕಟ್ಟುತ್ತಿದ್ದೆ. ಏನೋ ಸಿಡಿದ ಸದ್ದು, ಅದರ ಹಿಂದೆಯೇ ಇನ್ನೊಂದು. ಹೊರಗೆ ಬಂದು ನೋಡಿದರೆ ಪೂರ್ವದ ಕಡೆ ಕಪ್ಪು ಹೊಗೆ ಮೇಲೇಳುತ್ತಿತ್ತು. ಗಂಗಣ್ಣ ಪಂಚೆ ಎತ್ತಿಕಟ್ಟಿ ಓಡಿಬಂದರು.

"ಮೇಡಂ, ಫೋಮ್ ಗೋಡೌನಿಗೆ ಬೆಂಕಿ ಬಿದ್ಬಿಟ್ಟೈತೆ. ಮೊದ್ಲು ಜೀಬ್ರಾ ನೋಡಣ ಬನ್ನಿ."

"ಜೀಬ್ರಾ ಗಾಳಿಗೆ ಆಚೆ ಪಕ್ಕ ಇದಾವೆ ಗಂಗಣ್ಣ, ಏನೂ ಆಗಲ್ಲ. ಕರಡಿ ಎಲ್ಲಿದೆ?"

"ಬಯಲಾಗೇ ಇರ್ಬೇಕು, ಇನ್ನೆಲ್ಲೋಗತ್ತೆ?"

ಬಯಲಲ್ಲಿ ಕರಡಿ ಇರಲಿಲ್ಲ. ಸಿಡಿತದ ಸದ್ದಿಗೆ ಬೆದರಿದ ಬಸ್ಯಾ ತಾನು ಯಾವಾಗಲೂ ಕ್ಷೇಮವಾಗಿದ್ದ ಜಾಗಕ್ಕೇ, ಬೆಂಕಿಗೆ ಅತ್ಯಂತ ಹತ್ತಿರವಿದ್ದ ಆ ಕೋಣೆಗೇ ಓಡಿಹೋಗಿದ್ದ. ಗೋಡೆಯ ಮೇಲಿನ ಗಾಳಿಕಿಂಡಿಯಿಂದ ಹೊಗೆ ಒಳಕ್ಕೆ ಇಳಿಯುತ್ತಿತ್ತು. ಫೋಮ್ ಉರಿದಾಗ ಬರುವ ಹೊಗೆ ಬರೀ ಉಸಿರುಗಟ್ಟಿಸುವುದಲ್ಲ, ಅದು ವಿಷ. ಮುಚ್ಚಿದ ಜಾಗದಲ್ಲಿ ಅದನ್ನು ಕುಡಿದರೆ ಮನುಷ್ಯನಾಗಲಿ ಪ್ರಾಣಿಯಾಗಲಿ ಬಹಳ ಹೊತ್ತು ಉಳಿಯುವುದಿಲ್ಲ. ಅಗ್ನಿಶಾಮಕ ವಾಹನ ಹೊರಟಿತ್ತು, ಆದರೆ ತುಮಕೂರು ರಸ್ತೆಯಲ್ಲಿ ಆಗ ಫ್ಲೈಓವರ್ ಕೆಲಸ ನಡೆಯುತ್ತಿತ್ತು. ಲಾರಿಗಳ ಸಾಲಿನ ನಡುವೆ ಎಲ್ಲೋ ಸಿಕ್ಕಿಕೊಂಡಿದೆ ಎಂದು ಫೋನ್ ಬಂತು.

ಓಣಿಯಲ್ಲಿ ನಿಂಗವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು, ಸರಳಿನ ನಡುವೆ ಕೈ ಹಾಕಿ ಅವನನ್ನು ಹೊರಗೆ ತಳ್ಳಲು ನೋಡುತ್ತಿದ್ದಳು. ನೂರಿಪ್ಪತ್ತು ಕಿಲೋ ತೂಕದ ಪ್ರಾಣಿ, ಅವಳ ಕೈಗೆ ಮೂತಿ ಒತ್ತಿಕೊಂಡು ಕೂತುಬಿಟ್ಟಿತ್ತು.

"ಅಕ್ಕಾರ, ಒಳಗ ಬಂದ್ ಕುಂತಾನ್ರಿ. ಎಷ್ಟ್ ಹೇಳಿದ್ರೂ ಹೊರಗ ಹೋಗಾಕ ಒಲ್ಲ ಅಂತಾನ್ರಿ" ಎಂದಳು.

ಅರಿವಳಿಕೆ ಕೊಟ್ಟು ಎಳೆದು ತರಬಾರದಿತ್ತೇ ಎಂದು ಆಮೇಲೆ ಬಹಳ ಜನ ಕೇಳಿದರು. ಔಷಧ ನಾಟಿ ಪ್ರಾಣಿ ಮಲಗುವುದಕ್ಕೇ ಹೊತ್ತು ಬೇಕು. ಮಲಗಿದ ಮೇಲೆ ಉಸಿರಾಟ ಇನ್ನೂ ನಿಧಾನವಾಗುತ್ತದೆ. ಹೊಗೆ ತುಂಬಿದ ಕೋಣೆಯಲ್ಲಿ ಅವನನ್ನು ಮಲಗಿಸಿದ್ದರೆ ಅಲ್ಲಿಗೇ ಮುಗಿದಂತೆ. ಅವನು ತನ್ನ ಕಾಲ ಮೇಲೆ ತಾನೇ ಹೊರಗೆ ಹೋಗಬೇಕಿತ್ತು, ಬೇರೆ ದಾರಿ ಇರಲಿಲ್ಲ.

"ನಿಂಗವ್ವ, ನೀನು ಆ ಕಡೆ ಕಟ್ಟೆ ಹತ್ರ ಹೋಗಿ ಕೂಗವ್ವ, ನಿನ್ ದನಿಗೆ ಬರ್ತಾನೆ" ಎಂದು ಗಂಗಣ್ಣ ಹೇಳಿದರು. ಅದೇ ಸರಿ ಎಂದು ನಮಗೆಲ್ಲ ಅನ್ನಿಸಿತು. ಅವಳು ಬೋಗುಣಿ ಹಿಡಿದು ಕಂದಕ ಸುತ್ತಿ ಓಡಿದಳು. ಪಶ್ಚಿಮದ ಕಟ್ಟೆಯ ಮೇಲೆ ನಿಂತು ಕಂಬಿಗೆ ಬೋಗುಣಿ ಬಡಿದು, ಇದ್ದ ಶಕ್ತಿಯೆಲ್ಲ ಹಾಕಿ ಕರೆದಳು. ಬಸ್ಯಾ, ಬಾರೋ, ಬಾ ಬಾ ಬಾ.

ನಾನು ಓಣಿಯ ಬಾಗಿಲಲ್ಲಿ ಸದ್ದಿಲ್ಲದೆ ನಿಂತು ನೋಡುತ್ತಿದ್ದೆ. ಮೊದಲ ಕೂಗಿಗೆ ಬಸ್ಯಾ ಕಿವಿ ನಿಮಿರಿಸಿದ. ಎದ್ದ. ಆದರೆ ಬಾಗಿಲ ಕಡೆ ಹೋಗಲಿಲ್ಲ, ಬೋಗುಣಿ ಬರುವ ಕಿಂಡಿಗೆ ಇನ್ನೂ ಹತ್ತಿರ ಸರಿದು, ಅದಕ್ಕೆ ಮೂತಿ ಒತ್ತಿ ಕೂತ. ಅವಳು ಮತ್ತೆ ಕರೆದಳು, ಅವನು ಮತ್ತಷ್ಟು ಒತ್ತಿಕೊಂಡ. ಎಂಟು ವರ್ಷ ಆ ಕರೆಗೆ ಇದ್ದದ್ದು ಒಂದೇ ಅರ್ಥ, ಒಳಗೆ ಬಂದು ಕಿಂಡಿಯ ಹತ್ತಿರ ಕೂರು. ಅವನು ಚಾಚೂ ತಪ್ಪದೆ ಅದನ್ನೇ ಪಾಲಿಸುತ್ತಿದ್ದ. ಅವಳು ಕರೆದಷ್ಟೂ ಅವನು ಸಾವಿಗೆ ಹತ್ತಿರವಾಗುತ್ತಿದ್ದ, ಇದು ಅವಳಿಗೆ ಅಷ್ಟು ದೂರದಿಂದ ಕಾಣುತ್ತಿರಲಿಲ್ಲ.

ನಾನು ಹೊರಕ್ಕೆ ಓಡಿಬಂದೆ. "ಗಂಗಣ್ಣ, ಓಡಿಹೋಗಿ ಅವಳ ಕೂಗು ನಿಲ್ಲಿಸಿ."

"ಅದ್ಯಾಕ್ ಮೇಡಂ ಅಂಗಂತೀರಾ? ಅವ್ನು ಕೇಳದೇ ಅವ್ಳ್ ಮಾತೊಂದು."

"ಅದಕ್ಕೇ ಹೇಳ್ತಿರೋದು. ಬೋಗುಣಿ ಕಿತ್ಕೊಳ್ಳಿ."

ಗಂಗಣ್ಣ ಹೋದರು. ನಾನು ಆಸ್ಪತ್ರೆ ಕೋಣೆಗೆ ಓಡಿ ಕೋಟು ಹಾಕಿಕೊಂಡೆ. ಎಂಟು ವರ್ಷ ಯಾವುದನ್ನೆಲ್ಲ ಬಚ್ಚಿಟ್ಟುಕೊಂಡು ಹೋಗಿದ್ದೆನೋ ಅದನ್ನೆಲ್ಲ ಕೈಗೆತ್ತಿಕೊಂಡೆ. ಸ್ಟೀಲ್ ಟ್ರೇ, ಕತ್ತರಿ, ಚಿಮಟ, ಬ್ಲೋ ಪೈಪ್. ಒದ್ದೆ ಟವೆಲನ್ನು ಮುಖಕ್ಕೆ ಸುತ್ತಿಕೊಂಡೆ. ನಾನು ಬರುವುದು ಬಸ್ಯಾನಿಗೆ ಗೊತ್ತಾಗಲೇಬೇಕು ಎಂದು ಹೊರಟದ್ದು ಅದೇ ಮೊದಲು.

ಓಣಿಗೆ ಬಂದಾಗ ಆಚೆಯ ಕೂಗು ನಿಂತಿತ್ತು. ಕೋಣೆಯಲ್ಲಿ ಹೊಗೆ ಎದೆಮಟ್ಟಕ್ಕೆ ಇಳಿದಿತ್ತು. ಬಸ್ಯಾ ಕೆಮ್ಮುತ್ತಿದ್ದ. ಕೆಮ್ಮಿನ ನಡುವೆ ಕಿಂಡಿಗೆ ಮೂತಿಯಿಟ್ಟು ಗುಂಯ್ಗುಡುತ್ತಿದ್ದ. ಕರಡಿ ಮರಿಗಳು ತಾಯಿಯ ಹತ್ತಿರ ಮಾಡುವ ಸದ್ದು ಅದು, ಜೇನುಗೂಡಿನೊಳಗಿಂದ ಬಂದ ಹಾಗೆ. ನಿಂಗವ್ವ ಗಂಜಿ ತರುವುದು ಸ್ವಲ್ಪ ತಡವಾದರೆ ಅವನು ಹೀಗೆ ಮಾಡುತ್ತಾನೆ ಎಂದು ಅವಳು ಹೇಳಿದ್ದನ್ನು ಕೇಳಿದ್ದೆ. ನಾನಿದ್ದಾಗ ಒಂದು ದಿನವೂ ಮಾಡಿರಲಿಲ್ಲ. ಆ ಹೊಗೆಯ ನಡುವೆ, ಪ್ರಾಣ ಹೋಗುವ ಹೊತ್ತಿನಲ್ಲಿ, ನನಗೆ ಹೊಟ್ಟೆ ಉರಿಯಿತು. ಸಾಯುವಾಗಲೂ ಅವಳನ್ನೇ ಕರೆಯುತ್ತೀಯಾ ಎಂದುಕೊಂಡೆ.

ಟ್ರೇಯನ್ನು ಸರಳಿಗೆ ಎತ್ತಿ ಬಡಿದೆ. ಕತ್ತರಿ ಚಿಮಟಗಳು ಎಗರಿ ಬಿದ್ದವು. ಮತ್ತೆ ಬಡಿದೆ. ಗುಂಯ್ಗುಡುವುದು ನಿಂತಿತು. ಬ್ಲೋ ಪೈಪನ್ನು ಕಿಂಡಿಯೊಳಗೆ ತೂರಿಸಿ ಖಾಲಿ ಕೊಳವೆಯನ್ನೇ ಅವನ ಮುಖದ ಪಕ್ಕಕ್ಕೆ ಊದಿದೆ. "ಬಂದೆ ಕಣೋ, ನಾನೇ ಬಂದಿದೀನಿ, ನಿನ್ನ ಡಾಕ್ಟ್ರು" ಎಂದು ಟವೆಲಿನೊಳಗಿಂದಲೇ ಕಿರುಚಿದೆ.

ಅವನು ಹಿಂಗಾಲ ಮೇಲೆ ಎದ್ದು ನಿಂತು ಸರಳಿಗೆ ಒಂದು ಏಟು ಕೊಟ್ಟ. ನನ್ನ ಕೈಯಿಂದ ಪೈಪು ಹಾರಿಹೋಯಿತು. ನಾನು ಬಿಡದೆ ಟ್ರೇ ಬಡಿದೆ. ಅವನು ತಿರುಗಿದ, ಒಂದು ಸಲ ಗೋಡೆಗೆ ಹಾಯ್ದ, ಆಮೇಲೆ ಬಾಗಿಲಿನ ಬೆಳಕು ಕಂಡು ಬಯಲಿಗೆ ನುಗ್ಗಿ ಓಡಿದ. ನಾನು ಹಿಡಿಕೆ ತಿರುಗಿಸಿ ಜಾರುಬಾಗಿಲನ್ನು ಕೆಳಕ್ಕೆ ಬಿಟ್ಟೆ, ಇಲ್ಲದಿದ್ದರೆ ಮತ್ತೆ ಒಳಗೇ ಬರುತ್ತಿದ್ದ. ಅದಾದ ಮೇಲೆ ಓಣಿಯಿಂದ ಹೇಗೆ ಹೊರಬಂದೆ ಎಂಬುದು ಸರಿಯಾಗಿ ನೆನಪಿಲ್ಲ. ಬೇಲಿ ಹಿಡಿದು ಬಗ್ಗಿ ಕೆಮ್ಮುತ್ತಾ ನಿಂತಿದ್ದು ನೆನಪಿದೆ.

ತಲೆಯೆತ್ತಿ ನೋಡಿದಾಗ ಬಸ್ಯಾ ಬಯಲು ದಾಟಿ ಪಶ್ಚಿಮದ ತುದಿಗೆ ಹೋಗಿದ್ದ. ಅಲ್ಲಿ ಗಾಳಿ ಚೊಕ್ಕಟವಾಗಿತ್ತು. ಅಲ್ಲಿ ಕಂದಕದ ಆಚೆ ನಿಂಗವ್ವ ನಿಂತಿದ್ದಳು, ಬಾಯಿಗೆ ಸೆರಗು ತುರುಕಿಕೊಂಡು ಸದ್ದಿಲ್ಲದೆ ಅಳುತ್ತಿದ್ದಳು. ನನ್ನಿಂದ ಓಡಿದವನು ಹೋಗಿ ಸೇರಿದ್ದು ಅವಳ ಎದುರಿಗೇ. ಅಷ್ಟಾದರೂ ಬೇರೆ ಕಡೆ ಹೋಗಬಾರದಿತ್ತೇ ಎಂದು ನನಗೆ ಅನ್ನಿಸಿದ್ದು ನಿಜ. ಅಗ್ನಿಶಾಮಕದವರು ಬರುವಷ್ಟರಲ್ಲಿ ಹೋಲ್ಡಿಂಗ್ ರೂಮಿನ ಶೀಟುಗಳು ಸಿಡಿದು ಚಾವಣಿ ಒಳಕ್ಕೆ ಕುಸಿದಿತ್ತು.

ಮರುದಿನ ಪತ್ರಿಕೆಯಲ್ಲಿ ಸುದ್ದಿ ಬಂತು. ಕರಡಿಯ ಜೀವ ಉಳಿಸಿದ ಸಾಕುತಾಯಿ ಎಂಬ ತಲೆಬರಹ, ಯಾರೋ ಪ್ರೇಕ್ಷಕರು ತೆಗೆದ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿರುವ ನಿಂಗವ್ವನ ದೊಡ್ಡ ಫೋಟೋ. ನಾನು ಆಗ ಪೀಣ್ಯದ ಒಂದು ನರ್ಸಿಂಗ್ ಹೋಮಿನಲ್ಲಿ ಮೂಗಿಗೆ ಆಕ್ಸಿಜನ್ ಹಚ್ಚಿಕೊಂಡು ಮಲಗಿದ್ದೆ. ನಿಂಗವ್ವನೇ ಪತ್ರಿಕೆ ತಂದು ತೋರಿಸಿದಳು.

"ಇದರಾಗ ನೀವೂ ಅದೀರ್ರಿ ಅಕ್ಕಾರ. ಇಲ್ಲಿ ನೋಡ್ರಿ, ಹಿಂದ."

ಅವಳ ಬೆರಳ ತುದಿಯಲ್ಲಿ, ಬೇಲಿಯ ಹತ್ತಿರ, ಬಗ್ಗಿದ ಒಂದು ಬಿಳಿ ಕೋಟಿನ ಹಿಂಭಾಗ ಇತ್ತು. ಅವಳು ಅದನ್ನು ತಮಾಷೆಗೆ ಹೇಳಲಿಲ್ಲ, ನಿಜವಾಗಿಯೂ ನನಗೆ ಸಮಾಧಾನವಾಗಲಿ ಎಂದೇ ಹೇಳಿದಳು. ಅದರಿಂದ ನನ್ನ ಉರಿ ಇನ್ನೂ ಹೆಚ್ಚಾಯಿತು. ಆ ಪತ್ರಿಕೆ ಇಂದಿಗೂ ನನ್ನ ಹತ್ತಿರ ಇಲ್ಲ, ಬೇಕೆಂದು ಕೇಳಲೂ ಇಲ್ಲ.

ಆದರೆ ಒಂದು ವಾರದೊಳಗೆ ಅವಳ ಮುಖವೂ ಬಾಡಿತು. ಬಸ್ಯಾನ ಕೆಮ್ಮು ಔಷಧಕ್ಕೆ ಇಳಿಯುತ್ತಿತ್ತು, ಪಶ್ಚಿಮದ ಕಡೆ ತಾತ್ಕಾಲಿಕವಾಗಿ ಒಂದು ಕೋಣೆ ಎಬ್ಬಿಸಿದ್ದೆವು. ಅವಳು ಬೋಗುಣಿ ತಟ್ಟಿ ಕರೆದರೆ ಮಾತ್ರ ಅವನು ಬರುತ್ತಿರಲಿಲ್ಲ. ಆ ಕರೆಯ ಬೆನ್ನಿಗೇ ಟ್ರೇ ಬಡಿದದ್ದು ಅವನ ನೆನಪಿನಲ್ಲಿ ಉಳಿದುಬಿಟ್ಟಿತ್ತು. ಕರೆದಾಗಲೆಲ್ಲ ಬಯಲಿನ ನಡುವೆ ನಿಂತು ಗಾಳಿ ಮೂಸಿ, ಹಿಂದಕ್ಕೆ ಸರಿಯುತ್ತಿದ್ದ. ನಿಂಗವ್ವ ನನ್ನ ಜೊತೆ ಮಾತು ಬಿಟ್ಟಳು. ಕೊನೆಗೆ ಒಂದು ದಿನ ಆಸ್ಪತ್ರೆ ಕೋಣೆಯ ಬಾಗಿಲಿಗೆ ಬಂದು ನಿಂತಳು.

"ಎಂಟ್ ವರ್ಷ ಕರದು ಕರದು ರೂಢಿ ಮಾಡಿದ್ನಿರಿ. ನೀವು ಒಂದಿನದಾಗ ಕೆಡಿಸಿಬಿಟ್ರಿ. ನಿಮ್ಮ ತಾಟಿನ ಸಪ್ಪಳಕ್ಕ ಈಗ ನನ್ನ ದನಿಗೂ ಅಂಜತಾನ."

"ಜೀವ ಉಳೀತಲ್ಲ ನಿಂಗವ್ವ."

"ಉಳೀತ್ರಿ. ನಾ ಇಲ್ಲ ಅಂದಿಲ್ಲ. ಆದ್ರ ನಾ ಕರದ್ರ ಬರ್ಲಿಲ್ಲ, ನಿಮ್ಮನ್ನ ಕಂಡು ಹೋದ. ಇಡೀ ರಾತ್ರಿ ಅದ ತಲಿಯಾಗ ಕುಂತೈತ್ರಿ."

ಹೊಟ್ಟೆಕಿಚ್ಚು ಎದುರಿಗೆ ಬಂದು ನಿಂತರೆ ನನಗಿಂತ ಬೇಗ ಗುರುತು ಹಿಡಿಯುವವರು ಯಾರು? ಒಳಗೊಳಗೇ ಸ್ವಲ್ಪ ಖುಷಿಯೂ ಆಯಿತು, ಎರಡು ದಿನ ಇತ್ತು. ಆಮೇಲೆ ಅವಳು ಮರಿಗೆ ಕುಡಿಸಿದ ಹಾಗೆ ಮೊದಲಿನಿಂದ ಶುರುಮಾಡಿದ್ದನ್ನು ನೋಡಿದೆ. ಬೋಗುಣಿ ತಟ್ಟದೆ, ಕರೆಯದೆ, ಗಂಜಿ ಇಟ್ಟು ಸುಮ್ಮನೆ ಕೂರುತ್ತಿದ್ದಳು. ಮಳೆಗಾಲ ಹಿಡಿಯುವ ಹೊತ್ತಿಗೆ ಬಸ್ಯಾ ಮತ್ತೆ ಅವಳ ಕರೆಗೆ ಓಡಿಬರತೊಡಗಿದ. ನನ್ನ ಖುಷಿ ಅಲ್ಲಿಗೆ ಮುಗಿಯಿತು, ಲೋಕ ಮೊದಲಿನಂತಾಯಿತು.

ದತ್ತು ತೆಗೆದುಕೊಂಡಿದ್ದ ಕಂಪನಿಯವರು ಬೆಂಕಿಯ ಸುದ್ದಿ ಕೇಳಿ ಬಂದರು. ಅವರ ಆಫೀಸಿನಲ್ಲಿ ಆಗಾಗ ಮಾಕ್ ಡ್ರಿಲ್ ನಡೆಯುತ್ತದಂತೆ, ಗಂಟೆ ಹೊಡೆದರೆ ಎಲ್ಲರೂ ಮೆಟ್ಟಿಲಿಳಿದು ಹೊರಗೆ ನಿಲ್ಲಬೇಕು. ಕರಡಿಗೆ ಏಕೆ ಇಲ್ಲ ಎಂದು ಅವರಲ್ಲೊಬ್ಬರು ನಗುತ್ತಾ ಕೇಳಿದರು. ನಾವು ನಗಲಿಲ್ಲ, ಕೇಳಿದ್ದು ಸರಿಯಾಗಿಯೇ ಇತ್ತು. ಹೊಸ ಹೋಲ್ಡಿಂಗ್ ರೂಮು ಕಟ್ಟಿದ ಮೇಲೆ ತಿಂಗಳಿಗೊಮ್ಮೆ ಡ್ರಿಲ್ ಶುರುವಾಯಿತು. ನಾನು ಓಣಿಗೆ ಬಂದು ಟ್ರೇಯನ್ನು ಒಂದು ಸಲ ಕಿಣಿಗುಟ್ಟಿಸಬೇಕು, ಬಸ್ಯಾ ಬಯಲಿಗೆ ಓಡಬೇಕು. ಬಯಲಿನಲ್ಲಿ ಕಂದಕದ ಆಚೆಯಿಂದ ನಿಂಗವ್ವ ಬೆಲ್ಲದುಂಡೆ ಎಸೆಯಬೇಕು. ಆಫೀಸಿನವರು ಡ್ರಿಲ್ಲಿಗೆ ಕಾಫಿ ಕಪ್ಪು ಹಿಡಿದು ಮಾತಾಡುತ್ತಾ ಇಳಿಯುತ್ತಾರೆಂದು ಅವರೇ ಹೇಳಿದರು. ನಮ್ಮವನು ಒಂದು ಸಲವೂ ತಡಮಾಡಲಿಲ್ಲ. ನಾನೂ ಬೆಲ್ಲದುಂಡೆ ಎಸೆಯುತ್ತೇನೆ, ಟ್ರೇಯನ್ನು ಅವಳು ಹಿಡಿಯಲಿ ಎಂದು ಒಮ್ಮೆ ಹೇಳಿ ನೋಡಿದೆ. ಗಂಗಣ್ಣ ನಕ್ಕರು. "ನೀವ್ ಬೆಲ್ಲ ಎಸುದ್ರೂ ಓಡೋಯ್ತಾನೆ ಬಿಡಿ ಮೇಡಂ" ಎಂದರು.

ವೃತ್ತಿ ನನಗೆ ಕಲಿಸಿದ್ದು ಏನೆಂದು ಕೇಳಿದರೆ ಇದನ್ನೇ ಹೇಳುತ್ತೇನೆ. ಪ್ರಾಣಿಗಳನ್ನು ಇಟ್ಟುಕೊಂಡವರು ಅವನ್ನು ಹತ್ತಿರ ಕರೆಯುವುದನ್ನು ಕಲಿಸಿ ತೃಪ್ತಿಪಡುತ್ತಾರೆ, ಏಕೆಂದರೆ ಅದು ನೋಡಲು ಚೆಂದ. ದೂರ ಕಳಿಸುವುದನ್ನೂ ಅಷ್ಟೇ ಶ್ರದ್ಧೆಯಿಂದ ಕಲಿಸಬೇಕು. ಅದಕ್ಕೆ ಪ್ರಾಣಿ ಯಾರನ್ನು ಕಂಡರೆ ಆಗದೋ ಅಂಥ ಒಬ್ಬರು ಬೇಕು, ಮತ್ತು ಅವರು ಬೇಸರ ಮಾಡಿಕೊಳ್ಳದೆ ಆ ಕೆಲಸ ಮಾಡಬೇಕು. ನಾನು ಕೆಲಸ ಮಾಡಿದೆ. ಬೇಸರ ಮಾಡಿಕೊಳ್ಳದೆ ಇರುವುದು ಮಾತ್ರ ನನ್ನಿಂದ ಆಗಲಿಲ್ಲ.

ನಿವೃತ್ತಿಯಾಗಿ ಮೂರು ವರ್ಷವಾದ ಮೇಲೆ, 2019ರಲ್ಲಿ, ಒಮ್ಮೆ ಅಲ್ಲಿಗೆ ಹೋಗಿದ್ದೆ. ಸೀರೆ ಉಟ್ಟು, ಕೈಯಲ್ಲಿ ಹಣ್ಣಿನ ಚೀಲ ಹಿಡಿದು, ಬೇರೆ ಪ್ರೇಕ್ಷಕರ ಹಾಗೆ ಹೋದೆ. ನಿಂಗವ್ವನ ಕೂದಲು ಬೆಳ್ಳಗಾಗಿತ್ತು. ಬಸ್ಯಾನಿಗೂ ವಯಸ್ಸಾಗಿತ್ತು, ಎರಡು ಕಣ್ಣಿಗೂ ಪೊರೆ ಬಂದಿತ್ತು. ಹೋಲ್ಡಿಂಗ್ ರೂಮಿನ ಒಳಗೆ ಮಲಗಿದ್ದ. ನಾನು ಸದ್ದು ಮಾಡದೆ ನಿಂಗವ್ವನ ಹಿಂದೆ ಓಣಿಗೆ ಬಂದೆ, ಹಳೆಯ ಅಭ್ಯಾಸ.

ಅವಳು ಬೋಗುಣಿ ತಟ್ಟಿ ಕರೆದಳು. ಬಸ್ಯಾ ಕಿವಿ ಅಲ್ಲಾಡಿಸಿದ, ಏಳಲಿಲ್ಲ. ಮತ್ತೆ ಕರೆದಳು. ಮೂತಿ ಎತ್ತಿ, ಹಾಗೇ ಕೆಳಗಿಟ್ಟ.

"ಈಗ ಹಿಂಗ ನೋಡ್ರಿ. ಮುದುಕಾಗ್ಯಾನ. ನಾನ ಗಂಜಿ ಒಯ್ದು ಮೂತಿ ಮುಂದ ಇಡಬೇಕು" ಎಂದಳು.

"ಕಣ್ಣಿಗೆ ಏನಾದರೂ ಔಷಧ ಹಾಕ್ತಿದಾರಾ?" ಎಂದು ನಾನು ಕೇಳಿದೆ. ಅಷ್ಟೇ ಕೇಳಿದ್ದು, ಮೆಲ್ಲಗೆ.

ಬಸ್ಯಾ ಧಡಕ್ಕನೆ ಎದ್ದ. ಗುರ್ ಎಂದ. ಬಾಗಿಲು ಎಲ್ಲಿದೆ ಎಂದು ಕಣ್ಣಿಲ್ಲದೆಯೇ ಗೊತ್ತಿತ್ತು ಅವನಿಗೆ, ತಿರುಗಿ ಬಯಲಿಗೆ ಓಡಿದ. ನಾನು ಸರಳು ಹಿಡಿದು ಅವನ ಹಿಂಗಾಲುಗಳನ್ನೇ ನೋಡಿದೆ. ಎರಡೂ ಸಮನಾಗಿ ನೆಲಕ್ಕೆ ಬೀಳುತ್ತಿದ್ದವು. ಪಿನ್ ಹಾಕಿದ್ದು ಯಾವ ಕಾಲಿಗೆ ಎಂದು ಹೊಸಬರಿಗೆ ಹೇಳಲು ಆಗುತ್ತಿರಲಿಲ್ಲ.

"ಕಾಲು ಚೆನ್ನಾಗಿದೆ" ಎಂದೆ.

ನಿಂಗವ್ವ ತುಂಬಿದ ಬೋಗುಣಿ ಹಿಡಿದು ಬಯಲಿನ ಕಡೆ ನೋಡುತ್ತಾ ನಿಂತಿದ್ದಳು. "ನಾ ಕರದ್ರ ಏಳಾಂಗಿಲ್ರಿ ಅಕ್ಕಾರ. ನಿಮ್ಮ ದನಿಗೆ ನೋಡ್ರಿ, ಹೆಂಗ ಎದ್ದ" ಎಂದಳು.

ಆ ಮಾತಿನ ಒಳಗಿದ್ದದ್ದು ನನಗೆ ಬಹಳ ಹಳೆಯ ಪರಿಚಯ. ಅವಳ ಭುಜ ಮುಟ್ಟಿ, "ಬೋಗುಣಿ ಕೊಡಿಲ್ಲಿ, ಇವತ್ತೊಂದಿನ ನಾನು ಇಡ್ತೀನಿ" ಎಂದು ಕೈ ಚಾಚಿದೆ.

ಅವಳು ಕೊಡಲಿಲ್ಲ.